ಬಾಣಂತಿ ನೀರು ಮೊದಲು

ಹೊಳೆನರಸೀಪುರದ ಬಸ್ ನಿಲ್ದಾಣದಲ್ಲಿ ಮೊದಲ ಬಸ್ಸು ಗುರುಗುಟ್ಟುವ ಹೊತ್ತಿಗಾಗಲೇ ಕಾಮಾಕ್ಷಮ್ಮನವರ ಛತ್ರದ ಹಿತ್ತಲಲ್ಲಿ ಹೊಗೆ ಎದ್ದಿರುತ್ತದೆ. ಅದರೊಳಗೆ ಕೆಮ್ಮುತ್ತಾ, ಬೈಯುತ್ತಾ ಲಕ್ಕಮ್ಮ ಕೂತಿರುತ್ತಾರೆ. ಬೈಗುಳ ಮನುಷ್ಯರಿಗಲ್ಲ, ಒದ್ದೆಯಾದ ತೆಂಗಿನ ಮಟ್ಟೆಗೆ. "ಉರಿಯೇ ಮೂದೇವಿ, ಅಲ್ಲಿ ಬಾಣಂತಿ ಕಾಯ್ಕಂಡ್ ಕೂತವ್ಳೆ" ಎಂದು ಊದುಕೊಳವೆ ಹಿಡಿಯುತ್ತಾರೆ. ಒಲೆಯ ಮೇಲೆ ಗಾರೆ ಹಾಕಿ ಕೂರಿಸಿದ ತಾಮ್ರದ ಹಂಡೆ ಮೆಲ್ಲಗೆ ಸದ್ದು ಮಾಡತೊಡಗುತ್ತದೆ.

ಛತ್ರಕ್ಕೆ ಹತ್ತಿರದಲ್ಲೇ ಆಸ್ಪತ್ರೆ. ಹೆರಿಗೆಗೆ ಬಂದವರ ಅಮ್ಮಂದಿರು, ಅತ್ತೆಯರು ಬಕೀಟು ಹಿಡಿದು ಬರುತ್ತಾರೆ. ಅವರ ಹಿಂದೆ, ಅಲ್ಲೇ ಸ್ನಾನ ಮುಗಿಸಲು, ರಾತ್ರಿ ತಂಗಿದ ಬಸ್ಸುಗಳ ಡ್ರೈವರು, ಕಂಡಕ್ಟರು, ಕಾಯಿ ವ್ಯಾಪಾರಕ್ಕೆ ಬಂದವರು. ದಿನಕ್ಕೆ ಅರವತ್ತು ಬಕೀಟಿಗೆ ಮೋಸವಿಲ್ಲ. ಬಾವಿಯಿಂದ ಸೇದಿ ಹಂಡೆ ತುಂಬುವವರೂ ಲಕ್ಕಮ್ಮನೇ. ಬೇರೆಯವರು ಡಬ್ಬಿಗೆ ಕೈಲಾದದ್ದು ಹಾಕಬೇಕು, ಬಾಣಂತಿ ನೀರಿಗೆ ಮಾತ್ರ ಅವರು ಕಾಸು ಮುಟ್ಟುವುದಿಲ್ಲ.

ಬಾಗೂರಿನ ಮಗಳಾದ ಲಕ್ಕಮ್ಮ ಛತ್ರದ ಕಾವಲುಗಾರ ಶಿವಯ್ಯನ ಕೈ ಹಿಡಿದು ಇಲ್ಲಿಗೆ ಬಂದವರು. ೧೯೯೧ರಲ್ಲಿ ಶಿವಯ್ಯ ತೀರಿಕೊಂಡರು. ತಿಥಿ ಮುಗಿದ ಮಾರನೆಯ ದಿನವೇ ಲಕ್ಕಮ್ಮ ಒಲೆ ಹಚ್ಚಿದರು. "ಅಳಾಕೆ ಪುರುಸೊತ್ತೆಲ್ಲಿತ್ತು ಸಾ? ಒಗೆ ಮುಂದೆ ಕೂತ್ರೆ ಅತ್ರೂ ಯಾರ್ಗೂ ಗೊತ್ತಾಗಾಕಿಲ್ಲ, ಅದೊಂದು ಅನ್ಕೂಲ" ಎಂದು ನಗುತ್ತಾರೆ. ಮುಂಗೈ ತುಂಬ ಸುಟ್ಟ ಕಲೆ, ಕಣ್ಣು ಸದಾ ಕೆಂಪು.

ಇಂಥ ಒಲೆಗೆ ೨೦೦೩ರಲ್ಲಿ ಆಪತ್ತು ಬಂತು. ಛತ್ರವೇನೋ ಪಾರಂಪರಿಕ ಕಟ್ಟಡಗಳ ಪಟ್ಟಿಗೆ ಸೇರಿ ಹೊಸ ಬಣ್ಣ ಬಳಿಸಿಕೊಂಡು ಮದುಮಗನಾಗಿತ್ತು. ಈ ಒಲೆಯಿದ್ದ ಹಿತ್ತಲ ಬಚ್ಚಲುಮನೆಯನ್ನು ಪಟ್ಟಿಯಲ್ಲಿ ಯಾರೂ ನೆನೆದಿರಲಿಲ್ಲ. ಅದರ ಹಿಂಗೋಡೆ ಉಬ್ಬಿ ಬಿರುಕು ಬಿಟ್ಟಿದ್ದರಿಂದ, ಕೆಡವುವುದೋ ಉಳಿಸುವುದೋ ಎಂಬ ಪ್ರಶ್ನೆ ಪುರಸಭೆಯ ಮುಂದೆ ಬಂತು. ಸಭೆಯಲ್ಲಿ ಎಲ್ಲರೂ ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡಿದರು. ಕೊನೆಗೆ ಕಣ್ಣಾರೆ ನೋಡಿಯೇ ಬಿಡೋಣವೆಂದು ಅಧ್ಯಕ್ಷ ಗಂಗಾಧರಯ್ಯ, ಇಬ್ಬರು ಸದಸ್ಯರು ಮತ್ತು ಎಂಜಿನಿಯರ್ ಸಂಪತ್ಕುಮಾರ್ ಒಂದು ದಿನ ನಸುಕಿನಲ್ಲೇ ಹೊರಟರು. ಆಮೇಲೆ ಅಧ್ಯಕ್ಷರು ಹಾಸನದ ಬಸ್ಸು ಹಿಡಿಯಬೇಕಿತ್ತು.

ನಮ್ಮ ಕಡೆ ಊರ ಯಜಮಾನರೆಂದರೆ ಹೆಗಲ ಮೇಲೆ ಟವಲ್ ಇರಲೇಬೇಕು. ಬಚ್ಚಲುಮನೆಯ ಬಾಗಿಲಿಗೆ ಟವಲ್ ಹೊತ್ತು ಬಂದವರನ್ನು ಹೊಗೆಗಣ್ಣಿನ ಲಕ್ಕಮ್ಮ ಇನ್ನೇನೆಂದುಕೊಂಡಾರು?

"ಟವಲ್ ಆಕ್ಕಂಡ್ ನುಗ್ಬುಟ್ರೆ ಆಯ್ತಾ? ಸಾಲಲ್ಲಿ ನಿಂತ್ಕಳಿ. ಬಾಣಂತಿ ನೀರು ಮೊದ್ಲು ಓಗ್ಲಿ!"

ಸದಸ್ಯರು ಸಿಡುಕಿದರು. ಗಂಗಾಧರಯ್ಯ ಮಾತ್ರ ನಕ್ಕು, ಸಾಲಿನಲ್ಲಿ ನಿಂತೇಬಿಟ್ಟರು. ಮುಂದಿದ್ದವರು ಅರಕಲಗೂಡು ಕಡೆಯ ಅನಸೂಯಮ್ಮ, ಮಗಳ ಬಾಣಂತನಕ್ಕೆ ಬಂದವರು. ಅವರಿಗೆ ಇವರ ಗುರುತಿಲ್ಲ. "ಮಗೀನ ಮೈ ತೊಳ್ಯಾಕೆ ಇದೇ ನೀರೇ ಗತಿ ಕಣಣ್ಣ. ಇದ್ನೂ ಕೆಡವ್ತಾರಂತೆ, ಅದ್ಯಾವ್ ಪುಣ್ಯಾತ್ಮರೋ!" ಎಂದರು. ಪುಣ್ಯಾತ್ಮರು ಕೆಮ್ಮಿ ಟವಲ್ ಸರಿಮಾಡಿಕೊಂಡರು.

ಸರದಿ ಬಂದಾಗ ಲಕ್ಕಮ್ಮ ಬಕೀಟು ತಳ್ಳಿದರು, ಅಧ್ಯಕ್ಷರು ಅಂಗಿ ಕಳಚಿ ಸ್ನಾನಕ್ಕೆ ಕೂತೇಬಿಟ್ಟರು. ಬೆನ್ನ ಮೇಲೆ ಬಿಸಿನೀರು ಬಿದ್ದೊಡನೆ ಅವರು "ಶಿವಾ!" ಎಂದದ್ದು ಹೊರಗಿದ್ದವರಿಗೂ ಕೇಳಿಸಿತಂತೆ. ಅಷ್ಟರಲ್ಲಿ ಎಂಜಿನಿಯರು ಟೇಪು ಬಿಚ್ಚಿ ಗೋಡೆ ಅಳೆಯುವುದನ್ನು ಕಂಡು ಲಕ್ಕಮ್ಮನಿಗೆ ವಿಷಯ ಹೊಳೆಯಿತು. "ನನ್ ಬಾಯಿಂದ್ಲೇ ಒಲೆ ಕೆಡ್ತು ಅನ್ಕಂಡೆ ಸಾ. ನಾಳೆ ಆ ಬಾಣಂತೀರು ಎಲ್ಲಿಗ್ ಓದಾರು ಅಂತ ಒಟ್ಟೆ ಉರ್ದೋಯ್ತು" ಎನ್ನುತ್ತಾರೆ.

ಸಂಪತ್ಕುಮಾರ್ ಅವರದು ನ್ಯಾಯವಾದ ಭಯ. "ಈ ಗೋಡೆ ಮಳೆಗಾಲ ತಡೆಯೋಲ್ಲ ಸರ್. ನೀರಿಗೆ ನಿಂತವರ ಮೇಲೆ ಬಿದ್ದರೆ ಯಾರು ಹೊಣೆ?" ಎಂದರು.

"ಹಂಗಾದ್ರೆ ಗೋಡೆ ಬಿಚ್ಚಿ ಕಟ್ಟೋಣ, ಒಲೆ ಇರ್ಲಿ" ಎಂದರು ಗಂಗಾಧರಯ್ಯ. "ಇನ್ನೂ ತಲೆ ಒರೆಸ್ಕೊಳ್ತಾ ಇದೀನಿ. ಈ ಬಾಯಲ್ಲಿ ಕೆಡವಿ ಅಂತ ಹೆಂಗ್ರಿ ಹೇಳ್ಲಿ?"

ಮುಂದಿನ ಸಭೆ ಅದನ್ನೇ ಒಪ್ಪಿತು. ಗೋಡೆ ಏಳುವವರೆಗೆ ಲಕ್ಕಮ್ಮ ಅಂಗಳದಲ್ಲಿ ಮೂರು ಕಲ್ಲು ಹೂಡಿ, ಜಡಿಮಳೆಗೆ ತಗಡು ಅಡ್ಡ ಹಿಡಿದು, ಒಂದು ದಿನವೂ ತಪ್ಪದೆ ನೀರು ಕಾಯಿಸಿದರು. ಇಂಥವರನ್ನು ಯಾವ ಪಟ್ಟಿಗೆ ಸೇರಿಸಬೇಕೋ ತಿಳಿಯದು, ಕೈಯಂತೂ ತಾನಾಗಿ ಮುಗಿಯುತ್ತದೆ.

ಛತ್ರದ ಮುಂದಿನ ಬೋರ್ಡಿನಲ್ಲಿ ಲಕ್ಕಮ್ಮನ ಹೆಸರೂ ಇರಲಿ ಎಂದು ಈಗ ಗಂಗಾಧರಯ್ಯನವರಿಗೆ ಆಸೆ. ಆ ಮಾತೆತ್ತಿದರೆ ಲಕ್ಕಮ್ಮ ಒಲೆಗೆ ಇನ್ನೊಂದು ಮಟ್ಟೆ ತುರುಕುತ್ತಾರೆ.

"ನನ್ನೆಸ್ರು ಕಟ್ಕಂಡು ಏನ್ ಮಾಡ್ಬೇಕು ಸಾ? ಬರ್ಸಂಗಿದ್ರೆ ಈ ಬಾಗ್ಲು ಮೇಲೆ 'ಬಾಣಂತಿ ನೀರು ಮೊದಲು' ಅಂತ ಬರ್ಸಿ. ನಾನ್ ಸತ್ಮೇಲೂ ಟವಲ್ನೋರು ಸಾಲಲ್ಲೇ ನಿಂತ್ಕಬೇಕು."