ಬೀಗತಿ ಗೌರವ್ವನ ಸೀಟಿ

ನಮ್ಮ ಬೀಗತಿ ಗೌರವ್ವ ಸೀಟಿ ಊದದೆ ಅವಳ ಮನೆ ಒಂದು ಗೇಣೂ ಮುಂದಕ್ಕೆ ಹೋಗುತ್ತಿರಲಿಲ್ಲ. ಹೌದು, ಮನೆಯೇ. ಅದಕ್ಕೆ ಗಾಲಿ ಇದ್ದವು, ಹಾರ್ನ್ ಇತ್ತು, ಬೆನ್ನಿಗೆ ಏಣಿ ಇತ್ತು. ಒಳಗೆ ಒಲೆ, ಹಾಸಿಗೆ, ದೇವರ ಜಗಲಿ, ಕಿಟಕಿಯ ಸರಳಿಗೆ ಕಟ್ಟಿದ ಉಪ್ಪಿನಕಾಯಿ ಭರಣಿ. ಮುಂದೆ ಸ್ಟೇರಿಂಗ್ ಹಿಡಿದು ಅವಳ ಗಂಡ ಶಂಕ್ರಪ್ಪ ಕೂತಿರುತ್ತಿದ್ದರು. ಅವಳು ಬಾಗಿಲಲ್ಲಿ ನಿಂತು ಎರಡು ಸಲ ಸೀಟಿ ಊದಿದರೆ ಮನೆ ಹೊರಡುತ್ತಿತ್ತು, ಒಂದು ಸಲ ಊದಿದರೆ ನಿಲ್ಲುತ್ತಿತ್ತು. ಊದದಿದ್ದರೆ ಶಂಕ್ರಪ್ಪನವರು ಸಂಜೆಯ ತನಕ ಹಾಗೆಯೇ ಕೂತಿರುವ ಮನುಷ್ಯ.

ಗೌರವ್ವ ನನ್ನ ಮಗಳು ಶೈಲಾಳ ಅತ್ತೆ, ಮುಧೋಳದವಳು. ಜಮಖಂಡಿ–ಬೀಳಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದಳು. ಅದೇ ಬಸ್ಸಿಗೆ ಶಂಕ್ರಪ್ಪನವರೇ ಡ್ರೈವರು. ಮಂದಿ ರಿಟೈರ್ ಆದಮೇಲೆ ಬಸ್ಸು ಬಿಟ್ಟು ಮನೆಗೆ ಹೋಗುತ್ತಾರೆ, ಇವರು ಬಸ್ಸನ್ನೇ ಮನೆಗೆ ತಂದರು. ಗುಜರಿಗೆ ಹೊರಟಿದ್ದ ಒಂದು ಮುದಿ ಬಸ್ಸನ್ನು ಕೊಂಡು, ಮಹಾಲಿಂಗಪುರದ ಗ್ಯಾರೇಜಿನಲ್ಲಿ ರಿಪೇರಿ ಮಾಡಿಸಿ, ಹಸಿರು ಬಣ್ಣ ಹೊಡೆಸಿದರು. ಅರ್ಧ ಸೀಟು ಕಿತ್ತು ಅಡುಗೆಮನೆ ಮಾಡಿದರು. ಉಳಿದರ್ಧ ಸೀಟು ಹಾಗೆಯೇ ಬಿಟ್ಟರು. ‘ಮಹಿಳೆಯರಿಗೆ’ ಎಂದು ಬರೆದದ್ದನ್ನೂ ಅಳಿಸಲು ಗೌರವ್ವ ಬಿಡಲಿಲ್ಲ. ಹೀಗಾಗಿ ಶಂಕ್ರಪ್ಪನವರು ಸ್ವಂತ ಮನೆಯಲ್ಲಿ ರೊಟ್ಟಿ ತಿನ್ನುವಾಗ ಎಂಜಿನ್ನಿನ ಮುಚ್ಚಳದ ಮೇಲೆ ಕೂತು ತಿನ್ನಬೇಕಾಗುತ್ತಿತ್ತು.

“ಅಲ್ಲ ಬೀಗತಿ, ಒಳಗ ನಾವಿಬ್ಬರ ಅದೇವಿ. ಅವರೂ ಒಂದ ಸೀಟಿನ ಮ್ಯಾಲ ಕುಂಡ್ರಲಿ,” ಎಂದೆ ಒಮ್ಮೆ.

“ಕುಂತರ ಏಳೂದಿಲ್ಲ ಬೇ ಗಂಡಸರು. ನನಗ ಗೊತ್ತೈತಿ,” ಅಂದಳು.

ಅವಳಿಗೆ ಜಗತ್ತಿನಲ್ಲಿ ಒಂದೇ ಒಂದು ವಸ್ತುವಿನ ಮೇಲೆ ಹಗೆ ಇತ್ತು: ಟವೆಲು. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಸೀಟಿನ ಮೇಲೆ ಎಸೆದು, ಆಮೇಲೆ ಹತ್ತಿ ಬಂದು “ಇದು ನಂದು” ಅನ್ನುತ್ತಾರಲ್ಲ, ಆ ಟವೆಲು. ಕೆಲಸದಲ್ಲಿದ್ದಾಗ ಎಷ್ಟು ಟವೆಲು ಹೊರಗೆ ಎಸೆದಳೋ ದೇವರಿಗೇ ಗೊತ್ತು. “ಸೀಟಿನ ಮ್ಯಾಲ ಮನಿಷಾ ಕುಂಡ್ರಬೇಕು, ಅರಿವಿ ಅಲ್ಲ,” ಎನ್ನುವಳು. ನಾನು ಮೊದಲ ಸಲ ಬಸ್ಸು-ಮನೆಗೆ ಹೋದಾಗ ಗೊತ್ತಿಲ್ಲದೆ ಒದ್ದೆ ಟವೆಲನ್ನು ಸೀಟಿನ ಮೇಲೆ ಹರವಿದ್ದೆ. ಅದು ನನಗೆ ಸಿಕ್ಕಿದ್ದು ಬೇವಿನ ಮರದ ಕೊಂಬೆಯ ಮೇಲೆ.

ಪ್ರತಿ ಬೇಸಿಗೆ ಈ ಬಸ್ಸು-ಮನೆ ಬೀಳಗಿಯ ಆಚೆ ಹಿನ್ನೀರಿನ ದಂಡೆಯ ಒಂದು ತೋಟಕ್ಕೆ ಹೋಗಿ ನಿಲ್ಲುತ್ತಿತ್ತು. ಅಲ್ಲಿ ಒಂದಿಷ್ಟು ಕುಟುಂಬದವರು ಒಟ್ಟಿಗೆ ಇರುತ್ತಾರೆ. ಮಣ್ಣಿನ ಮನೆ ಕಟ್ಟಿಕೊಂಡಿದ್ದಾರೆ, ಬಿಸಿಲಿನಲ್ಲೇ ಅನ್ನ ಬೇಯಿಸುತ್ತಾರೆ, ಅಂಗಡಿಯ ಸಾಬೂನು ಮುಟ್ಟುವುದಿಲ್ಲ, ಭೂಮಿಗೆ ಭಾರವಾಗದೆ ಬದುಕಬೇಕು ಎನ್ನುತ್ತಾರೆ. ಗೌರವ್ವ ಕಂಡಕ್ಟರ್ ಇದ್ದಾಗ ಬೀಜದ ಗಂಟು ಹೊತ್ತುಕೊಂಡು ಅವರು ಅಡವಿಯಲ್ಲಿ ಬಸ್ಸಿಗೆ ಕೈ ಮಾಡುತ್ತಿದ್ದರಂತೆ. ಸ್ಟಾಪ್ ಇರದಿದ್ದರೂ ಇವಳು ಸೀಟಿ ಊದಿ ನಿಲ್ಲಿಸುತ್ತಿದ್ದಳಂತೆ. ಆ ಉಪಕಾರಕ್ಕೆ ಅವರು ಬೇವಿನ ಮರದ ಕೆಳಗೆ ಬಸ್ಸಿಗೆ ಜಾಗ ಕೊಟ್ಟಿದ್ದರು. ಒಂದೇ ಕರಾರು, ಬೇಸಿಗೆ ಮುಗಿಯುವ ತನಕ ಎಂಜಿನ್ ಚಾಲೂ ಮಾಡಬಾರದು.

ನಾನು ಬನಹಟ್ಟಿಯವಳು. ಮೂರನೆಯ ಇಯತ್ತೆಗೆ ಶಾಲೆ ಬಿಟ್ಟು ಮಗ್ಗದ ಮನೆಯ ಕಂಡಿಕೆಗೆ ನೂಲು ಸುತ್ತುತ್ತ ಬೆಳೆದವಳು. ನಮ್ಮ ಓಣಿಯಲ್ಲಿ ಪಾವರ್‌ಲೂಮಿನ ಖಟಕ್ ಖಟಕ್ ನಿಂತರೆ ಮಂದಿಗೆ ಎಚ್ಚರವಾಗುತ್ತದೆ. ಅಂಥವಳು ಆ ತೋಟದ ಸಪ್ಪಳವಿಲ್ಲದ ಗಾಳಿಯಲ್ಲಿ ಮೊದಲ ರಾತ್ರಿ ನಿದ್ದೆ ಬಾರದೆ ಒದ್ದಾಡಿದೆ. ಗೌರವ್ವ ಎದ್ದು ನೋಡಿ, ಸ್ಟೀಲಿನ ತಟ್ಟೆ ಚಮಚ ತಂದು ನನ್ನ ಕಿವಿಯ ಹತ್ತಿರ ಖಟಕ್ ಖಟಕ್ ಬಾರಿಸುತ್ತ ಕೂತಳು. ಖರೆ ಹೇಳುತ್ತೇನೆ, ಮಲಗಿಬಿಟ್ಟೆ.

ಹೋಗುವ ದಾರಿಯೇ ಒಂದು ಜಾತ್ರೆ. ಬಸ್ಸಿನ ಮುಂದಿನ ಹಳೆಯ ಬೋರ್ಡನ್ನೂ ಅವಳು ತೆಗೆದಿರಲಿಲ್ಲ. ‘ಜಮಖಂಡಿ–ಬೀಳಗಿ’ ಎಂದು ಬರೆದ ಬಸ್ಸು ಬಂದರೆ ಜನ ಕೈ ಮಾಡದೆ ಬಿಡುತ್ತಾರೆಯೇ? ಕೈ ಮಾಡಿದರೆ ಗೌರವ್ವನ ಬಾಯಿ ಸುಮ್ಮನಿರುತ್ತದೆಯೇ? ಪುರ್ ಅಂತ ಸೀಟಿ. ಒಮ್ಮೆ ಬೆಲ್ಲದ ಪೆಂಟಿ ಹೊತ್ತ ಒಬ್ಬ ಹೆಣ್ಣುಮಗಳು ಹತ್ತಿಕೊಂಡು, ಸೀದಾ ಹೋಗಿ ನನ್ನ ಹಾಸಿಗೆಯ ಮೇಲೆ ಕೂತು, ಆಧಾರ್ ಕಾರ್ಡ್ ತೆಗೆದು ಚಾಚಿದಳು. ಈಗ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ ಅಲ್ಲವೇ, ಆ ರೂಢಿ.

“ಇದು ಮನಿ ಐತಿ ಬೇ,” ಎಂದೆ ನಾನು.

“ಯಾರ ಮನಿ?”

“ಇವರ ಮನಿ.”

ಆಕೆ ಒಲೆ ನೋಡಿದಳು, ದೇವರ ಜಗಲಿ ನೋಡಿದಳು, ಕಾರ್ಡನ್ನು ಇನ್ನೂ ಮುಂದಕ್ಕೆ ಚಾಚಿದಳು. “ಯಾರ ಮನಿ ಆದ್ರೇನು, ಬೀಳಗಿಗೆ ಹೋಗ್ತೈತಿಲ್ಲೊ? ಟಿಕೀಟ ಕೊಡ್ರಿ. ನಡುವ ಯಾರರ ಚೆಕ್ಕಿಂಗ್ ಬಂದ್ರ?”

ಗೌರವ್ವ ಕ್ಯಾಲೆಂಡರಿನ ಹಳೆಯ ಹಾಳೆಯಿಂದ ಒಂದು ಚೂರು ಹರಿದು ಕೊಟ್ಟಳು. ಮೇಲೆ ಒಂದು ಕಪ್ ಚಹಾ ಕೊಟ್ಟಳು. ಆಕೆ ಇಳಿಯುವಾಗ, “ಸರ್ಕಾರ ಬಾಳ ಸುಧಾರಿಸೇತ್ರಿ,” ಎಂದು ಹೇಳಿ ಹೋದಳು.

ಇಷ್ಟೆಲ್ಲ ನಗೆಯ ನಡುವೆ ನಾನು ಒಂದು ಬೇಸಿಗೆ ಅತ್ತಿದ್ದೇನೆ. ಅದನ್ನೇ ಹೇಳಬೇಕು.

ಶೈಲಾ ಮೊದಲ ಸಲ ಬಸುರಾಗಿದ್ದಳು. ಕುಬಸದ ಶಾಸ್ತ್ರ ಮಾಡಿಯಾಗಿತ್ತು. ಚೊಚ್ಚಲ ಬಾಣಂತನ ತವರುಮನೆಯದು, ಅದು ನನ್ನ ಪಾಲಿನ ಹಬ್ಬ. ಬನಹಟ್ಟಿಯಲ್ಲಿ ಹೊರಸಿಗೆ ಹೊಸ ಹಗ್ಗ ಹೆಣೆಸಿದ್ದೆ, ಮೆತ್ತಗಿನ ಹಳೆಯ ಸೀರೆಗಳ ಕೌದಿ ಹೊಲಿದಿದ್ದೆ, ಅಂಟಿನುಂಡಿಗೆ ಕೊಬ್ಬರಿ ತುರಿದಿಟ್ಟಿದ್ದೆ, ಓಣಿಯ ತುಂಬ ಹೇಳಿಕೊಂಡು ಬಂದಿದ್ದೆ. ನನಗೆ ಇರುವವಳು ಒಬ್ಬಳೇ ಮಗಳು. ಈ ಹಬ್ಬ ತಪ್ಪಿದರೆ ಮತ್ತೆ ಬರುವುದಿಲ್ಲ. ಒಳ್ಳೆಯ ದಿನ ನೋಡಿ ಅವಳನ್ನು ಕರೆದೊಯ್ಯಲು ತೋಟಕ್ಕೆ ಹೋದೆ. ಗಾಳಿಗೆಂದು ಅವಳು ಅತ್ತೆಯ ಜೊತೆ ಬಸ್ಸಿನಲ್ಲಿದ್ದಳು. ಆದರೆ ನನ್ನ ಮೊಮ್ಮಗಳಿಗೆ ಅವಸರ. ನಾನು ಚೀಲ ಕೆಳಗಿಡುವಷ್ಟರಲ್ಲಿ ಹೆರಿಗೆ ಬ್ಯಾನಿ ಸುರುವಾಯಿತು. ಕರಾರು ಮುರಿದು ಎಂಜಿನ್ ಚಾಲೂ ಮಾಡಿಸಿ, ಗೌರವ್ವ ದಾರಿಯುದ್ದಕ್ಕೂ ಸೀಟಿ ಊದುತ್ತಲೇ ಬೀಳಗಿಯ ದವಾಖಾನೆಗೆ ಮುಟ್ಟಿಸಿದಳು. ಒಂದು ಊದಿದರೆ ನಿಲ್ಲುತ್ತದೆ ಎಂದು ಎರಡೆರಡೇ ಊದಿದಳು, ಪಾಪ.

ಮೊಮ್ಮಗಳು ಹುಟ್ಟಿದಳು! ಮುಷ್ಟಿ ಬಿಗಿದು, ಮೂಗು ಮೇಲೆತ್ತಿ, ಪಂಚಾಯಿತಿಗೆ ಬಂದವಳ ಹಾಗೆ. ನನ್ನ ಸಂತೋಷಕ್ಕೆ ದವಾಖಾನೆಯ ಕಸ ಹೊಡೆಯುವವಳಿಗೂ, ಬೇರೆಯವರ ಬೀಗರಿಗೂ ಸಕ್ಕರೆ ಹಂಚಿದೆ. ಆಮೇಲೆ ಡಾಕ್ಟರಮ್ಮ ಹೇಳಿದಳು: ಕೂಸು ಸಣ್ಣದಿದೆ, ಈ ಬಿಸಿಲಿನಲ್ಲಿ ಬನಹಟ್ಟಿಯ ತನಕ ಒಯ್ಯಬೇಡಿ, ವಾರಕ್ಕೊಮ್ಮೆ ತಂದು ತೋರಿಸಲು ಆಗುವ ಹಾಗೆ ಒಂದು ತಿಂಗಳು ಹತ್ತಿರವೇ ಇರಿ. ಹತ್ತಿರ ಅಂದರೆ ಬಸ್ಸು. ಬಸ್ಸು ಅಂದರೆ ಅತ್ತೆಮನೆ.

ತೋಟಕ್ಕೆ ಮರಳಿದಮೇಲೆ ನಾನು ಬೇವಿನ ಮರದ ಹಿಂದೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟೆ. ಗೌರವ್ವ ಹುಡುಕಿಕೊಂಡು ಬಂದಳು.

“ಏನಾತ ಬೇ? ಕೂಸು ಆರಾಮ ಐತಿ.”

“ಚೊಚ್ಚಲ ಬಾಣಂತನ ಬೀಗರ ಮನ್ಯಾಗ ಆತಲ್ಲ ಬೀಗತಿ. ಊರಿಗೆ ಹೋಗಿ ಏನಂತ ಮಾರಿ ತೋರಸಲಿ? ಹೊರಸು ಹೆಣಸಿದ್ದೆ.”

ಅವಳು ತನ್ನ ಕೊರಳಿಗೆ ಕೈ ಹಾಕಿದಳು. ಆ ಸೀಟಿಯ ದಾರವನ್ನು ತಾಳಿಯ ಜೊತೆಗೇ ಹಾಕಿಕೊಂಡಿರುತ್ತಿದ್ದಳು, ರಿಟೈರ್ ಆದಮೇಲೂ ತೆಗೆದವಳಲ್ಲ. ತೆಗೆದು ನನ್ನ ಕೊರಳಿಗೆ ಹಾಕಿದಳು.

“ಸೀಟಿ ಯಾರ ಕೊಳ್ಳಾಗ ಐತಿ, ಬಸ್ಸು ಅವರದು. ಇವತ್ತಿನಿಂದ ಚಾರ್ಜು ನಿಂದು. ಇದು ನಿನ್ನ ಮನಿ, ಶೈಲಾನ ತವರಮನಿ. ನಾವಿಬ್ಬರು ಪ್ಯಾಸೆಂಜರು.”

ಬಾಯಿಮಾತಿಗೆ ಅಂದಳು ಎಂದುಕೊಂಡೆ. ಆದರೆ ಅಂದು ಸಂಜೆ ಅವಳು ಬಸ್ಸಿನ ಮೆಟ್ಟಿಲ ಕೆಳಗೆ ನಿಂತು, “ಬೀಗತಿ, ಒಳಗ ಬರಲೇನ್ರಿ?” ಎಂದು ಕೇಳಿದಳು. ರೀ ಹಚ್ಚಿ ಕೇಳಿದಳು! ಒಳಗೆ ಬಂದವಳು ತನ್ನ ಮುಂದಿನ ಸೀಟು ಬಿಟ್ಟು ಕಟ್ಟಕಡೆಯ ಬೆಂಚಿನ ಮೇಲೆ ಹೋಗಿ ಕೂತಳು. ತನ್ನದೇ ಡಬ್ಬಿಯ ಸಕ್ಕರೆಯನ್ನು ಚೀಟಿಯಲ್ಲಿ ಕಟ್ಟಿ, ಕೂಸನ್ನು ನೋಡಲು ಬಂದ ಬೀಗರ ಹಾಗೆ ನನ್ನ ಕೈಗೆ ಕೊಟ್ಟಳು. ಶಂಕ್ರಪ್ಪನವರು ಹೊರಗೆ ಚಪ್ಪಲಿ ಬಿಟ್ಟು ಕೈ ಮುಗಿದು ಬಂದರು. ನಾನೂ ಬಿಟ್ಟೇನೆಯೇ? ಪುರ್ ಎಂದು ಊದಿ, “ಬರ್ರಿ ಬೀಗರ, ಮುಂದ ಸರೀರಿ,” ಎಂದೆ. ನನ್ನ ಮಗಳು ನಗುತ್ತ ಹೊಟ್ಟೆ ಹಿಡಿದುಕೊಂಡು, “ಹೊಲಿಗಿ ಬಿಚ್ಚತಾವ ಬೇ, ನಗಸಬ್ಯಾಡ್ರಿ,” ಎಂದು ಕೂಗಿಕೊಂಡಳು.

ಬಾಣಂತಿಗೆ ಹಂಡೆಗಟ್ಟಲೆ ಬಿಸಿನೀರು ಬೇಕು. ತೋಟದಲ್ಲಿ ಬೇಸಿಗೆಗೆ ಒಬ್ಬರಿಗೆ ಒಂದೇ ಬಕೆಟ್ ನೀರು. ಹಿನ್ನೀರು ದೂರ ಸರಿದು ನಡುವೆ ಮೊಣಕಾಲುದ್ದ ಕೆಸರು. ಅಲ್ಲಿಯವರ ಪದ್ಧತಿ ಏನೆಂದರೆ, ಏನೇ ಬೇಕಾದರೂ ಸಂಜೆ ಎಲ್ಲರೂ ದುಂಡಗೆ ಕೂತು ಒಪ್ಪಬೇಕು. ಸಭೆ ನಡೆಸುವವಳು ಸುಧಾ ಎಂಬ ಮೈಸೂರು ಕಡೆಯ ಹೆಣ್ಣುಮಗಳು, ಬಹಳ ನಯ.

“ಅಜ್ಜಿ, ನಿಮ್ಮ ಕಷ್ಟ ನಮಗೆ ಅರ್ಥವಾಗುತ್ತೆ. ಆದರೆ ಬೋರ್‌ವೆಲ್ ಎಲ್ಲರದೂ ಅಲ್ವಾ? ಅರ್ಧ ಬಕೆಟ್ ಜಾಸ್ತಿ ಕೊಡಬಹುದು,” ಅಂದಳು.

“ಅರ್ಧ ಬಕೀಟಿನ್ಯಾಗ ಬಾಣಂತಿ ಕಿವಿ ತೊಳಿಯೂದಿಲ್ಲವ್ವ,” ಎಂದೆ.

ಗೌರವ್ವ ಕೈ ಎತ್ತಿದಳು. “ಪ್ಯಾಸೆಂಜರ್ ಕಡಿಂದ ಒಂದ ಮಾತು. ನಾವಿಬ್ಬರೂ ಜಳಕ ಬಿಡ್ತೀವಿ. ನಮ್ಮ ಬಕೀಟ ಬಾಣಂತಿಗೆ ಹಾಕ್ರಿ.”

“ನಾ ಬಿಡೂದಿಲ್ಲ,” ಎಂದರು ಶಂಕ್ರಪ್ಪ. ಆ ಬೇಸಿಗೆ ಅವರು ಆಡಿದ ಮಾತು ಅದೊಂದೇ. ಅದನ್ನೂ ಯಾರೂ ಕೇಳಲಿಲ್ಲ.

ವೈಶಾಖದ ಬಿಸಿಲು, ಗಟ್ಟಿ ಮೈಯ ಡ್ರೈವರು. ಮರುದಿನ ಸಭೆಯಲ್ಲಿ ಅವರ ಪಕ್ಕದವರು ಸ್ವಲ್ಪ ಸರಿದು ಕೂತರು. ಅದರ ಮರುದಿನ ಎಲ್ಲರೂ ಗಾಳಿ ಬರುವ ದಿಕ್ಕಿಗೆ ಹೋಗಿ ಒತ್ತಿಕೊಂಡು ಕೂತರು, ದುಂಡಗಿದ್ದ ಸಭೆ ಕುಡುಗೋಲಿನ ಹಾಗಾಯಿತು. ಅದರಾಚೆಯ ದಿನ ಸುಧಾ ಮೂಗಿನ ಮೇಲೆ ಸೆರಗು ಹಿಡಿದು ಬೆಳಗ್ಗೆಯೇ ಸಭೆ ಕರೆದಳು. “ಬಾಣಂತಿಗೆ ಬೇಕಾದಷ್ಟು ನೀರು ಕೊಡೋಣ. ಬಚ್ಚಲ ನೀರು ಬಾಳೆಗೆ ಹೋಗಲಿ. ತಾತ ದಯವಿಟ್ಟು ಈಗಲೇ ಸ್ನಾನ ಮಾಡಲಿ.” ಕೈ ಎತ್ತದವರು ಒಬ್ಬರೂ ಇರಲಿಲ್ಲ. ಆ ವರ್ಷದ ಬಾಳೆಗೊನೆ ನೋಡಬೇಕಿತ್ತು ನೀವು, ಕೆಲಸದ ಊರಿನಿಂದ ಬಂದ ಕೂಸಿನ ಅಪ್ಪ ಒಬ್ಬನೇ ಹೊರಲಾರದಷ್ಟು!

ನಾನು ಮಾಡಿದ ಬಾಣಂತನ ಹೀಗೆ ಬಸ್ಸಿನಲ್ಲಿ ಭರ್ಜರಿ ನಡೆಯಿತು. ಒಂದು ದಿನ ತಾಯಿ ಮಗುವನ್ನು ಮರದ ನೆರಳಿಗೆ ಕಳಿಸಿ, ಹಾಸಿಗೆಗೆ ಲೋಬಾನದ ಹೊಗೆ ಹಾಕಿದೆ. ಹೊಗೆ ಕಿಟಕಿಗಳಿಂದ ಹೊರಬಿತ್ತು. ಮುದಿ ಬಸ್ಸಿಗೆ ಬೆಂಕಿ ಹತ್ತಿತೆಂದು ತೋಟದವರೆಲ್ಲ ಕೈಗೆ ಸಿಕ್ಕ ಬಕೆಟ್ ಹಿಡಿದು ಓಡಿ ಬಂದರು. ಬಕೆಟ್ಟಿನಲ್ಲಿದ್ದದ್ದು ಬೆಳೆಗೆ ಹಾಕುವ ಸಗಣಿ ಗಂಜಲದ ಕಲಕು. ಏನು ಗದ್ದಲ ಎಂದು ನಾನು ಕಿಟಕಿಯಿಂದ ತಲೆ ಹೊರಹಾಕಿದ್ದೇ ತಡ, ಪೂರಾ ನನ್ನ ಮೇಲೆ! ಗೌರವ್ವ ನೆಲದ ಮೇಲೆ ಕೂತು ನಕ್ಕಳು. “ಬೀಗತಿ, ಮುಂಗಾರಿ ಬರಲಿ, ನಿನ್ನ ತಲಿಮ್ಯಾಲ ಜ್ವಾಳ ಛಲೋ ಬರ್ತೈತಿ ನೋಡ.” ನಾನು ಉತ್ತರವಾಗಿ ಸೀಟಿ ಊದಿದೆ. ಸೀಟಿಯಿಂದ ಗುಳ್ಳೆ ಬಂತು.

ತಿಂಗಳು ಮುಗಿದು, ಕೂಸಿಗೆ ಮೈ ಹತ್ತಿ, ಡಾಕ್ಟರಮ್ಮ ಹೂಂ ಅಂದಮೇಲೆ ಬಸ್ಸೇ ನಮ್ಮನ್ನು ಬನಹಟ್ಟಿಯ ಓಣಿಗೆ ತಂದು ಬಿಟ್ಟಿತು. ಓಣಿಯವರು ಮಗ್ಗ ನಿಲ್ಲಿಸಿ ನೋಡಲು ಬಂದರು. ಗೌರವ್ವ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: “ಬಾಣಂತನ ತವರಮನ್ಯಾಗ ಪಸಂದ ಆತ್ರಿ. ನಾವು ನೋಡಾಕ ಹೋಗಿದ್ವಿ, ನಮ್ಮ ಬೀಗತಿ ಉಪಚಾರ ಬಾಳ ಮಾಡಿದ್ಲು.”

ನಾನು ಕೊರಳಿನ ಸೀಟಿ ತೆಗೆದು ಅವಳ ಕೈಗೆ ಕೊಡಲು ಹೋದೆ. ಅವಳು ಕೈ ಹಿಂದಕ್ಕೆ ಕಟ್ಟಿಕೊಂಡಳು.

“ತವರಮನಿ ಒಂದ ತಿಂಗಳಿಗೆ ಇರ್ತೈತೇನ ಬೇ? ಕೊಟ್ಟದ್ದು ಕೊಟ್ಟೇನಿ. ನನಗ ಹಿಂದಿನ ಬೆಂಚು ಸೇರಿಕಿ ಆಗೇತಿ. ಗಾಳಿ ಛಲೋ ಬರ್ತೈತಿ.”

ಆಮೇಲಿನ ಬೇಸಿಗೆಗಳಲ್ಲಿ ಅವಳು ಹಿಂದಿನ ಬೆಂಚಿನವಳಾಗಿಯೇ ಬಂದಳು. ಅಲ್ಲಿಂದಲೇ ನನ್ನ ಕಂಡಕ್ಟರ್‌ಕಿಗೆ ಕೊಂಕು ತೆಗೆದಳು. “ಜೋರ ಊದ ಬೇ, ಹಾಲು ಕುಡದಿಲ್ಲೇನು?” ಎನ್ನುವಳು. ಹೋದ ಮಳೆಗಾಲದಲ್ಲಿ, ಮುಧೋಳದಲ್ಲಿ ನಿಂತಿದ್ದ ಬಸ್ಸಿನಲ್ಲಿ, ಅದೇ ಬೆಂಚಿನ ಮೇಲೆ ಮಧ್ಯಾಹ್ನ ಮಲಗಿದವಳು ಏಳಲಿಲ್ಲ. ಯಾರಿಗೂ ತ್ರಾಸು ಕೊಡದೆ ಇಳಿದುಹೋದಳು. ಒಂದು ಸೀಟಿಯನ್ನೂ ಕೇಳಲಿಲ್ಲ.

ಈ ಬೇಸಿಗೆ ಬಸ್ಸು ಹೊರಡುವುದೋ ಇಲ್ಲವೋ ಅಂದುಕೊಂಡಿದ್ದೆ. ಹೋಗಿ ನೋಡಿದರೆ ಶಂಕ್ರಪ್ಪನವರು ಗಾಜು ಒರೆಸಿ, ಸ್ಟೇರಿಂಗ್ ಹಿಡಿದು ಕೂತಿದ್ದರು. ಯಾವಾಗಿನಿಂದ ಕೂತಿದ್ದರೋ. ನಾನು ಸೀಟಿ ಬಾಯಿಗಿಟ್ಟೆ, ಕಣ್ಣು ಹಿಂದಿನ ಬೆಂಚಿಗೆ ಹೋಯಿತು, ಊದಲಿಲ್ಲ. ನನ್ನ ಮೊಮ್ಮಗಳು ತಾರಾ ಈಗ ದೊಡ್ಡವಳು, ತನ್ನ ಚಪ್ಪಲಿ ತಾನೇ ಅದಲು ಬದಲು ಹಾಕಿಕೊಳ್ಳುತ್ತಾಳೆ. ನನ್ನ ಕೊರಳಿನ ದಾರ ಎಳೆದು ಸೀಟಿಯನ್ನು ಬಾಯಿಗೆ ಹಾಕಿಕೊಂಡಳು. ಎರಡು ಊದಿದಳು, ಬಸ್ಸು ಹೊರಟಿತು. ಒಂದು ಊದಿದಳು, ನಿಂತಿತು. ಮತ್ತೆ ಎರಡು, ಮತ್ತೆ ಒಂದು. ಮುಧೋಳ ದಾಟುವ ತನಕ ಬಸ್ಸು ಕಪ್ಪೆಯ ಹಾಗೆ ಕುಪ್ಪಳಿಸಿತು. ಶಂಕ್ರಪ್ಪನವರು ಒಂದು ಸೀಟಿಯನ್ನೂ ಮೀರಲಿಲ್ಲ. ಒಳಗೆ ಪಾತ್ರೆ ಉರುಳುತ್ತಿದ್ದವು, ಹಿಂದಿನ ಗಾಡಿಯವರು ಬೈಯುತ್ತಿದ್ದರು, ಕನ್ನಡಿಯಲ್ಲಿ ನೋಡಿದರೆ ಬೀಗರು ಬಾಯಿ ತೆರೆದು ನಗುತ್ತಿದ್ದರು.

ಜಮಖಂಡಿ ದಾಟಿದಮೇಲೆ ಬೋರ್ಡು ನೋಡಿ ಕೈ ಮಾಡಿದ ಒಬ್ಬಳು ಚೀಲದ ಸಮೇತ ಹತ್ತಿಕೊಂಡಳು. ಸೀದಾ ಹಿಂದಿನ ಬೆಂಚಿಗೆ ನಡೆದಳು.

“ಅಲ್ಲಿ ಬ್ಯಾಡ ಬೇ, ಇಲ್ಲಿ ಕುಂಡ್ರು ಬಾ. ಅದು ಹಿಡದದ್ದೈತಿ,” ಎಂದೆ.

ಆಕೆ ಬೆಂಚು ನೋಡಿದಳು. ಅದರ ಮೇಲೆ ನಾನು ಬೆಳಗ್ಗೆ ಹಾಸಿಟ್ಟ ನನ್ನ ಟವೆಲು ಇತ್ತು.