ಪುಟಾಣಿ ರೈಲಿನ ಸಾಲಿನಲ್ಲಿ ನಾನು ತಲೆ ಅಲ್ಲಾಡಿಸಿದ್ದು

ಬೇಸಿಗೆ ರಜೆಯಲ್ಲಿ ಬೆಂಗಳೂರು ನೋಡಿ ಬಂದ ಮಕ್ಕಳಿಗೆ ಆಗೆಲ್ಲ ನಮ್ಮೂರು ಸೊಕ್ಕೆಯ ಶಾಲೆಯಲ್ಲಿ ಒಂದು ವಾರವಾದರೂ ಭಾರಿ ಬೆಲೆ ಇರುತ್ತಿತ್ತು. ಮೀನಿನ ಮನೆ, ದೋಣಿ, ತಾನೇ ಮೇಲೆ ಹೋಗುವ ಮೆಟ್ಟಿಲು ಎಂದು ಅವರು ಬಿಡುವ ಬಡಾಯಿಯನ್ನು ಉಳಿದವರು ಬಾಯಿ ತೆರೆದುಕೊಂಡು ಕೇಳಬೇಕು. ನೀವೂ ಕೇಳಿರುತ್ತೀರಿ, ಇಲ್ಲವೇ ಬಿಟ್ಟಿರುತ್ತೀರಿ. ನಾನು ಐದನೇ ಕ್ಲಾಸು ಮುಗಿಸಿದ ವರ್ಷ ನನ್ನ ಸರದಿ ಬಂತು. ಬೆಂಗಳೂರಿನಲ್ಲಿ ಆಟೋ ಓಡಿಸುತ್ತಿದ್ದ ಮಾಮ ಫೋನು ಮಾಡಿ, "ಹುಡ್ಗೀನ ಕಳ್ಸಕ್ಕಾ, ನಮ್ಮ ರಮ್ಯಾನ ಜೊತೆ ನಾಕು ದಿನ ಆಡ್ಕಂಡು ಹೋಗ್ಲಿ" ಎಂದ. ರಮ್ಯಾ ಅವನ ಮಗಳು, ನನ್ನದೇ ವಯಸ್ಸು. ಅವ್ವನಿಗೆ ಕೂಲಿ ಬಿಟ್ಟು ಬರುವ ಹಾಗಿರಲಿಲ್ಲ. ಹಾಗಾಗಿ ನನ್ನ ಜೊತೆ ಹೊರಟವಳು ಅವ್ವನ ಅಕ್ಕ, ಹನುಮಕ್ಕ ದೊಡ್ಡಮ್ಮ.

ದೊಡ್ಡಮ್ಮನಿಗೆ ಮಕ್ಕಳಿರಲಿಲ್ಲ. ಅವ್ವ ಕೆಲಸಕ್ಕೆ ಹೋದಾಗ ನನ್ನನ್ನು ಉಣಿಸಿ, ಜಡೆ ಹೆಣೆದು, ಬೈದು ಬೆಳೆಸಿದವಳು ಅವಳೇ. ನಮ್ಮ ಕಡೆ ಹೊಲದಲ್ಲಾಗಲಿ, ಬಸ್ಸಿನಲ್ಲಾಗಲಿ ಬುತ್ತಿ ಬಿಚ್ಚಿದವರು ಪಕ್ಕದಲ್ಲಿದ್ದವರನ್ನು ಕರೆಯದೆ ತುತ್ತು ಎತ್ತುವುದಿಲ್ಲ. ಅವರು "ಆತು, ನೀವು ಉಣ್ರಿ" ಅಂದರೆ ಅಲ್ಲಿಗೆ ಮುಗಿಯಿತು. ದೊಡ್ಡಮ್ಮ ಮಾತ್ರ ಅಷ್ಟಕ್ಕೆ ಬಿಡುತ್ತಿರಲಿಲ್ಲ, ರೊಟ್ಟಿ ಮುರಿದು ಕೈಗೇ ಇಡುತ್ತಿದ್ದಳು. ದಾವಣಗೆರೆಯಲ್ಲಿ ರೈಲು ಹತ್ತಿ ತುಮಕೂರು ದಾಟುವಷ್ಟರಲ್ಲಿ ನಮ್ಮ ಸುತ್ತ ಕೂತಿದ್ದವರೆಲ್ಲ ಅವಳ ಶೇಂಗಾ ಚಟ್ನಿಪುಡಿಯ ರುಚಿ ನೋಡಿದ್ದರು. ಆಗ ನನಗದು ಹೆಮ್ಮೆಯಾಗಿತ್ತು ಎನ್ನುವುದನ್ನೂ ಬರೆದುಬಿಡುತ್ತೇನೆ.

ಮಾಮನ ಮನೆಯಲ್ಲಿ ರಮ್ಯಾ ತನ್ನ ಹಳೆಯ ಜೀನ್ಸ್ ಪ್ಯಾಂಟು ಕೊಟ್ಟಳು. ಎಣ್ಣೆಜಡೆ ಬಿಚ್ಚಿಸಿ ಕ್ಲಿಪ್ಪು ಹಾಕಿದಳು. "ಹೊರಗಡೆ ಐತೆ ಗೀತೆ ಅನ್ಬೇಡ ಕಣೇ" ಎಂದು ಪಾಠವನ್ನೂ ಮಾಡಿದಳು. ಮೂರೇ ದಿನದಲ್ಲಿ ನಾನು ಬೆಂಗಳೂರಿನವಳಾಗಿಬಿಟ್ಟೆ, ಕನ್ನಡಿಯ ಮುಂದೆ ನಿಂತರೆ ನನಗೇ ನಂಬಿಕೆ ಬರುವಷ್ಟು.

ನಾಲ್ಕನೇ ದಿನ ಬೆಳಿಗ್ಗೆ ಮಾಮ ನಮ್ಮ ಮೂವರನ್ನೂ ಪುಟಾಣಿ ರೈಲಿರುವ ದೊಡ್ಡ ಪಾರ್ಕಿನಲ್ಲಿ ಇಳಿಸಿ, ಮಧ್ಯಾಹ್ನ ಬರುತ್ತೇನೆಂದು ಬಾಡಿಗೆಗೆ ಹೋದ. ಜಾರುಬಂಡೆ, ಉಯ್ಯಾಲೆ, ಕೆಂಡದ ಮೇಲೆ ಸುಡುವ ಜೋಳದ ವಾಸನೆ, ಉಪ್ಪುಖಾರ ಹಚ್ಚಿದ ಮಾವಿನಕಾಯಿ. ಆಡಿ ಆಡಿ ಕಾಲು ಸೋತವು. ದೊಡ್ಡಮ್ಮ ಮರದ ಕೆಳಗೆ ಕೂತು, "ಬಿಸ್ಲಾಗೆ ಕುಣಿಬ್ಯಾಡ್ರೇ, ಉಣ್ಣಾಕೆ ಬರ್ರಿ" ಎಂದು ಕೂಗುತ್ತಿದ್ದಳು. ನಾವು ಹೋಗಲಿಲ್ಲ. ರೈಲಿನ ಸಾಲಿನಲ್ಲಿ ರಮ್ಯಾಳ ಕ್ಲಾಸಿನ ಇಬ್ಬರು ಹುಡುಗಿಯರು ಸಿಕ್ಕಿದ್ದರು. "ನೀನು ಯಾವೂರು?" ಎಂದು ಕೇಳಿದರು. "ದಾವಣಗೆರೆ. ನಮ್ಮಪ್ಪಂದು ಬಟ್ಟೆ ಅಂಗಡಿ ಇದೆ" ಎಂದೆ. ಅಪ್ಪನಿಗಿದ್ದದ್ದು ಎರಡು ಎಕರೆ ಮೆಕ್ಕೆಜೋಳದ ಹೊಲ. ರಮ್ಯಾ ನಕ್ಕಳು.

ಅಷ್ಟರಲ್ಲಿ ಮರದ ಕಡೆಯಿಂದ ಗಲಾಟೆ ಕೇಳಿಸಿತು. ಆದದ್ದಿಷ್ಟು. ದೊಡ್ಡಮ್ಮ ವಾಡಿಕೆಯಂತೆ ಸುತ್ತಮುತ್ತ ಕೂತವರನ್ನೆಲ್ಲ ಊಟಕ್ಕೆ ಕರೆದಿದ್ದಾಳೆ. ದೊಡ್ಡವರು ಯಾರೂ ತಿರುಗಿ ನೋಡಿಲ್ಲ. ಮೂರು ವರ್ಷದ ಒಂದು ಹೆಣ್ಣುಮಗು ಮಾತ್ರ ಓಡಿ ಬಂದಿದೆ. ದೊಡ್ಡಮ್ಮ ರೊಟ್ಟಿಗೆ ತುಪ್ಪ ಬೆಲ್ಲ ಸವರಿ ತಿನ್ನಿಸಿದ್ದಾಳೆ. ಬಾಯಿ, ಕೈ ಎಲ್ಲ ಅಂಟಾಯಿತೆಂದು ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ನಲ್ಲಿಯ ಕಡೆ ಹೊರಟಿದ್ದಾಳೆ. ನಲ್ಲಿ ಇದ್ದದ್ದು ಗೇಟಿನ ಪಕ್ಕ. ಮಗುವಿನ ತಾಯಿ ಕಂಡದ್ದು ಅಷ್ಟನ್ನೇ: ಗುರುತಿಲ್ಲದ ಒಬ್ಬಳು ತನ್ನ ಮಗುವನ್ನು ಎತ್ತಿಕೊಂಡು ಗೇಟಿನತ್ತ ನಡೆಯುತ್ತಿದ್ದಾಳೆ. ಮಕ್ಕಳ ಕಳ್ಳರು ಬಂದಿದ್ದಾರೆಂದು ಮೊಬೈಲಿನಲ್ಲಿ ಸುದ್ದಿ ಹರಿದಾಡುತ್ತಿದ್ದ ಕಾಲ ಬೇರೆ. ಆ ತಾಯಿಯನ್ನು ನಾನು ಬೈಯಲಾರೆ.

ಗಾರ್ಡು ದೊಡ್ಡಮ್ಮನ ರಟ್ಟೆ ಹಿಡಿದುಕೊಂಡು ನಮ್ಮ ಸಾಲಿನ ಹತ್ತಿರ ಬಂದ. ಹಿಂದೆ ಜನ. ಅವಳ ಸೆರಗು ಜಾರಿತ್ತು, ಬೆರಳಿಗೆ ಇನ್ನೂ ಬೆಲ್ಲ ಮೆತ್ತಿತ್ತು.

"ನಮ್ ಹುಡ್ಗಿ ಇಲ್ಲೇ ಐದಾಳ್ರೀ, ಕೇಳ್ರಿ ಬೇಕಾರೆ. ನಾನು ಬಾಯಿ ತೊಳ್ಸಾಕೆ ಕರ್ಕಂಡು ಹೊಂಟಿದ್ದೆ ಅಷ್ಟೇ" ಎನ್ನುತ್ತಿದ್ದಳು. ನನ್ನನ್ನು ಕಂಡದ್ದೇ ಅವಳ ಮುಖ ಅರಳಿತು. "ಅಗಾ, ಅವ್ಳೇ!"

ಗಾರ್ಡು ನನ್ನನ್ನು ಕೇಳಿದ. "ಏನಮ್ಮ, ಇವರು ನಿಮ್ಮವರಾ?"

ರಮ್ಯಾಳ ಗೆಳತಿಯರು ನನ್ನತ್ತ ನೋಡಿದರು. ರಮ್ಯಾ ತಲೆ ತಗ್ಗಿಸಿದಳು. ನಾನು ಅಲ್ಲವೆಂದು ತಲೆ ಅಲ್ಲಾಡಿಸಿದೆ.

ಬಾಯಿ ಬಿಟ್ಟು ಒಂದು ಮಾತೂ ಆಡಲಿಲ್ಲ. ಆಡದಿದ್ದರೆ ಸುಳ್ಳಲ್ಲ ಎಂದು ಆ ಗಳಿಗೆಯಲ್ಲಿ ನನಗೆ ಹೇಗೆ ಅನ್ನಿಸಿತೋ! ದೊಡ್ಡಮ್ಮ ನನ್ನ ಪ್ಯಾಂಟು ನೋಡಿದಳು, ಪಕ್ಕದ ಹುಡುಗಿಯರನ್ನು ನೋಡಿದಳು. ಆಮೇಲೆ ಗಾರ್ಡಿನ ಕಡೆ ತಿರುಗಿ, "ಇವ್ಳಲ್ರೀ. ಬ್ಯಾರೆ ಹುಡ್ಗಿ. ನಂಗೆ ಕಣ್ಣು ಸರ್ಯಾಗಿ ಕಾಣಂಗಿಲ್ಲ" ಎಂದಳು.

ಸೂಜಿಗೆ ದಾರ ಪೋಣಿಸಲು ಊರಿನ ಮುದುಕಿಯರೆಲ್ಲ ಹುಡುಕಿಕೊಂಡು ಬರುತ್ತಿದ್ದದ್ದು ನಮ್ಮ ದೊಡ್ಡಮ್ಮನ ಹತ್ತಿರ.

ಅವಳನ್ನು ಗೇಟಿನ ಕೋಣೆಗೆ ಕರೆದುಕೊಂಡು ಹೋದರು. ನಾನು ರೈಲು ಹತ್ತಿದೆ. ಹೌದು, ಹತ್ತಿದೆ. ರೈಲು ಎರಡು ಸುತ್ತು ಹಾಕಿತು. ಎರಡು ಸಲವೂ ಗೇಟಿನ ಹತ್ತಿರ ಬಂದಾಗ ಅವಳು ಕೋಣೆಯ ಹೊರಗೆ ಕುಕ್ಕರುಗಾಲಲ್ಲಿ ಕೂತಿದ್ದು ಕಾಣಿಸಿತು, ಎದುರು ನಿಂತವರು ಕೈ ಬೀಸಿ ಬೀಸಿ ಬೈಯುತ್ತಿದ್ದರು. ಉಳಿದ ಮಕ್ಕಳು ಹೋ ಎಂದು ಕೂಗುವಾಗ ನಾನೂ ಕೂಗಿದೆ.

ಮಧ್ಯಾಹ್ನ ಮಾಮ ಬಂದು, ತನ್ನ ಗುರುತಿನ ಕಾರ್ಡು ತೋರಿಸಿ, ಕೈ ಮುಗಿದು ಬಿಡಿಸಿಕೊಂಡ. "ಅಲ್ಲಕ್ಕಾ, ಈ ಹುಡ್ಗೇರ್ನ ಕರ್ಸಿದ್ರೆ ಆಗ್ತಿತ್ತಲ್ಲ?" ಎಂದು ರೇಗಿದ.

"ಅವು ರೈಲಾಗೆ ಇದ್ವು ಕಣೋ. ಅವುಕ್ಕೆ ಹೆಂಗೆ ಗೊತ್ತಾಗ್ಬೇಕು?" ಎಂದಳು ದೊಡ್ಡಮ್ಮ. ನನ್ನ ಮುಖ ನೋಡಲಿಲ್ಲ. ರಾತ್ರಿ ಎಂದಿನಂತೆ ತಟ್ಟೆಗೆ ಅನ್ನ ಬಡಿಸಿದಳು, ಇನ್ನೊಂದು ಚೂರು ಹಾಕಿಸಿಕೋ ಎಂದೂ ಅಂದಳು.

ವಾಪಸು ಬರುವ ರೈಲಿನಲ್ಲಿ ಎದುರಿಗೆ ಮಗುವನ್ನು ಮಡಿಲಲ್ಲಿಟ್ಟುಕೊಂಡ ಹೆಂಗಸು ಕೂತಿದ್ದಳು. ದೊಡ್ಡಮ್ಮ ಬುತ್ತಿ ಬಿಚ್ಚಿದಳು. ಕರೆಯಲು ಬಾಯಿ ತೆರೆದದ್ದನ್ನು ನಾನು ನೋಡಿದೆ. ಕರೆಯಲಿಲ್ಲ. ಕಿಟಕಿಯ ಕಡೆ ತಿರುಗಿ, ಸೆರಗು ಅಡ್ಡ ಮಾಡಿಕೊಂಡು ಉಂಡಳು. ಊರಿಗೆ ಬಂದ ಮೇಲೆ ನಾನು ಶಾಲೆಯಲ್ಲಿ ಪುಟಾಣಿ ರೈಲಿನ ಬಡಾಯಿಯನ್ನು ಬಾಯಿ ತುಂಬ ಬಿಟ್ಟೆ.

ಈಗ ನಾನು ಚನ್ನಗಿರಿಯ ಒಂದು ಕಚೇರಿಯಲ್ಲಿ ಕೆಲಸದಲ್ಲಿದ್ದೇನೆ. ದೊಡ್ಡಮ್ಮ ಆಗಾಗ ಬಂದು ನನ್ನ ಜೊತೆ ಇದ್ದು ಹೋಗುತ್ತಾಳೆ. ತಪ್ಪಾಯಿತು ಎಂದು ಹೇಳಲು ಎಷ್ಟೋ ಸಲ ಬಾಯಿವರೆಗೆ ಬಂದದ್ದಿದೆ. ಹೇಳಿದರೆ ಅವಳು ಅಷ್ಟು ಜನರ ಮುಂದೆ ನನಗಾಗಿ ಆಡಿದ ಸುಳ್ಳನ್ನೂ ಹೊರಗೆಳೆದ ಹಾಗಾಗುತ್ತದೆ ಎಂದು ಸುಮ್ಮನಾಗುತ್ತೇನೆ. ಇದು ನನ್ನ ಹೇಡಿತನಕ್ಕೆ ನಾನು ಹೊಲಿದ ಅಂಗಿ ಇರಬಹುದು.

ಹೋದ ತಿಂಗಳು ಅವಳನ್ನು ಊರಿಗೆ ಬಿಡಲು ದಾವಣಗೆರೆ ಬಸ್ಸು ಹತ್ತಿದ್ದೆವು. ಡಬ್ಬಿ ತೆರೆದು, ಪಕ್ಕದ ಸೀಟಿನ ತಾಯಿ ಮಗಳನ್ನು ನಾನೇ ಕರೆದೆ. "ಬರ್ರಿ, ಒಂದು ತುತ್ತು ಉಣ್ಣಾನ." ರೊಟ್ಟಿ ಚಾಚಿದ ನನ್ನ ಕೈಯನ್ನು ದೊಡ್ಡಮ್ಮ ಮೆಲ್ಲಗೆ ಕೆಳಗಿಳಿಸಿದಳು.

"ಬ್ಯಾಡ ಪುಟ್ಟಿ, ಸುಮ್ನೆ ಉಣ್ಣು. ಗುರ್ತಿಲ್ಲದೋರು ಅವ್ರು."

ಗುರುತಿದ್ದವಳನ್ನೇ ನಮ್ಮವಳಲ್ಲ ಎಂದವಳು ನಾನು. ರೊಟ್ಟಿಯನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದೆ.