ಪರಸಗಡದ ಕಡೆಯ ಮತದಾರ
ನಾಳೆ ತನ್ನ ಕೆಲಸವೇ ಇರುತ್ತದೋ ಇಲ್ಲವೋ ತಿಳಿಯದ, ತಾಲ್ಲೂಕು ಕಚೇರಿಯ ದಿನಗೂಲಿ ನೌಕರ ಕಲ್ಮೇಶ, ಮತದಾರರ ಪಟ್ಟಿ ತಿದ್ದಲು ಹೋದಾಗಲೆಲ್ಲ ಸವದತ್ತಿಯ ನಿಜಗುಣಪ್ಪನಿಗೆ, ಇಲ್ಲದ ಕ್ಷೇತ್ರವನ್ನು ಹಿಡಿದು ಕೂರಬೇಡಿ ಎಂದು ಬುದ್ಧಿ ಹೇಳುತ್ತಿದ್ದ. ಮುದುಕನೋ, ಓಟು ಕೇಳಲು ಬಂದ ಎಲ್ಲ ಪಕ್ಷದವರಿಗೂ ಚಹಾ ಕುಡಿಸಿ, "ನಮ್ಮದು ಪರಸಗಡ ಕ್ಷೇತ್ರರೀ, ನೀವು ಹಾದಿ ತಪ್ಪಿ ಬಂದೀರಿ" ಎಂದು ಕಳಿಸುವವನು; ತಾನು ಬೂತ್ ಏಜೆಂಟನಾಗಿ ಕೂತ ಕಾಲದ ಪಟ್ಟಿಯನ್ನು ದೇವರ ಜಗಲಿಯ ಮೇಲಿಟ್ಟವನು, ಹೊಸ ಕ್ಷೇತ್ರದಲ್ಲಿ ಒಮ್ಮೆಯೂ ಮತ ಹಾಕದವನು. "ಅಜ್ಜಾರ, ಆ ಕ್ಷೇತ್ರ ರದ್ದಾಗಿ ಹದಿನೆಂಟು ವರ್ಷ ಆತರಿ" ಎಂದು ಕಲ್ಮೇಶ ಈ ಸಲ ನಕ್ಕೇಬಿಟ್ಟ. ನಿಜಗುಣಪ್ಪ ಪಟ್ಟಿ ಬಿಚ್ಚಿ, ಮತ ಹಾಕಿದ ಗುರುತಿಗೆ ಕೆಂಪು ಗೀಟು ಎಳೆದ ಹೆಸರೊಂದನ್ನು ತೋರಿಸಿದ: ದೇವಕ್ಕ, ಗಂಡ ನಿಜಗುಣಪ್ಪ. "ಆ ಕ್ಷೇತ್ರ ಹೋತಲ್ಲ, ಅದ ವರ್ಷ ಈಕೀನೂ ಹೋದಳು. ನಿಮ್ಮ ಹೊಸ ಪಟ್ಟಿಯೊಳಗ ನಾ ಒಬ್ಬನ ಅದೇನಿ, ತಮ್ಮಾ."